ಮಾರ್ಚ್‌ನಲ್ಲಿ ಹುಟ್ಟುವ ಮೊಮ್ಮಗು ಯಾವ ದೇಶದ ಪ್ರಜೆ?

ಓದುಗರ ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮಗಳು ಮತ್ತು ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಅಳಿಯ ಒಂಬತ್ತು ವರ್ಷಗಳಿಂದ ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದು, ಗ್ರೀನ್ ಕಾರ್ಡಿನ (ಖಾಯಂ ವಾಸದ ಪರವಾನಗಿ) ಹಾದಿಯ ಒಂದು ಹಂತವಾದ ಐ-140 ಅರ್ಜಿ ಮಂಜೂರಾಗಿದೆ, ಮಗಳದ್ದು ಅವನ ಅವಲಂಬಿತಳಾಗಿ ಸಿಕ್ಕ ಎಚ್-4. ಇಬ್ಬರೂ ಭಾರತದ ಪ್ರಜೆಗಳೇ. ಮೊದಲ ಮೊಮ್ಮಗ 2021ರಲ್ಲಿ ಅಲ್ಲೇ ಹುಟ್ಟಿದ, ಅವನ ಬಳಿ ಅಮೆರಿಕದ ಪಾಸ್‌ಪೋರ್ಟ್ ಮತ್ತು ನಮ್ಮ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇವೆ. ಮಗಳಿಗೆ ಈಗ ಆರು ತಿಂಗಳು. 2026ರ ಮಾರ್ಚ್ ಎರಡನೇ ವಾರ ಹೆರಿಗೆ ಎಂದಿದ್ದಾರೆ. ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೊಂದು ಸುದ್ದಿ. ಅಲ್ಲಿ ಹುಟ್ಟಿದವರಿಗೆ ಪೌರತ್ವ ಕೊಡುವುದನ್ನು ಟ್ರಂಪ್ ರದ್ದು ಮಾಡಿದ್ದಾರೆ, ಸುಪ್ರೀಂ ಕೋರ್ಟೂ ಒಪ್ಪಿದೆ ಎನ್ನುತ್ತಾರೆ ಕೆಲವರು. ಹಳೆಯ ಮಕ್ಕಳದ್ದೂ ಹೋಗುತ್ತದೆ ಎನ್ನುತ್ತಾರೆ ಇನ್ನು ಕೆಲವರು. ತಂದೆ ತಾಯಿ ಭಾರತೀಯರಾದ ಮೇಲೆ ಮಗು ಹೇಗೂ ಭಾರತೀಯವೇ, ಚಿಂತೆ ಯಾಕೆ ಎಂಬುದು ನನ್ನ ತಮ್ಮನ ಮಾತು. ಮಗಳನ್ನು ಇಲ್ಲಿಗೇ ಕರೆಸಿಕೊಂಡು ಬಾಣಂತನ ಮಾಡಲೇ, ಅಥವಾ ನಾನೇ ಅಲ್ಲಿಗೆ ಹೋಗಲೇ? ನನ್ನ ಬಿ-2 ಪ್ರವಾಸಿ ವೀಸಾದ ಅವಧಿ ಇನ್ನೂ ಮುಗಿದಿಲ್ಲ.

ಉತ್ತರ:

ನಿಮ್ಮ ಪತ್ರದಲ್ಲಿ ಒಂದಲ್ಲ, ಮೂರು ಚಿಂತೆಗಳಿವೆ: ಹುಟ್ಟಲಿರುವ ಮಗುವಿನದು, ಈಗಾಗಲೇ ಹುಟ್ಟಿರುವ ಮೊಮ್ಮಗನದು ಮತ್ತು ಹೆರಿಗೆ ಎಲ್ಲಿ ಎಂಬುದು. ಎರಡನೆಯದಕ್ಕೆ ಉತ್ತರ ಸುಲಭವಾದುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ಅಧ್ಯಕ್ಷ ಟ್ರಂಪ್ 2025ರ ಜನವರಿ 20ರಂದು ಸಹಿ ಹಾಕಿದ ಆದೇಶವು, ಅದರದೇ ಒಕ್ಕಣೆಯ ಪ್ರಕಾರ, ಸಹಿಯಾಗಿ ಮೂವತ್ತು ದಿನಗಳಾದ ನಂತರ ಹುಟ್ಟುವ ಮಕ್ಕಳಿಗೆ ಮಾತ್ರ ಅನ್ವಯಿಸುವಂಥದ್ದು. 2021ರಲ್ಲಿ ಹುಟ್ಟಿದ ನಿಮ್ಮ ಮೊಮ್ಮಗ ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ಅಮೆರಿಕದ ಪ್ರಜೆಯ ಪೌರತ್ವವನ್ನು ಅವನ ಸಮ್ಮತಿಯಿಲ್ಲದೆ ಕಸಿಯುವ ಅಧಿಕಾರ ಸಂಸತ್ತಿಗೂ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ ಮಾತು ಇಂದಿಗೂ ನಿಂತಿದೆ. ಅವನ ಬಗ್ಗೆ ನಿಶ್ಚಿಂತೆಯಾಗಿರಿ.

ಹುಟ್ಟಲಿರುವ ಮಗುವಿನ ವಿಷಯ ಅಷ್ಟು ಸರಳವಲ್ಲ. ಆದೇಶ ಎರಡು ಬಗೆಯ ಮಕ್ಕಳನ್ನು ಹೊರಗಿಡುತ್ತದೆ. ತಾಯಿ ಅಕ್ರಮವಾಗಿ ನೆಲೆಸಿದ್ದು, ತಂದೆ ಅಮೆರಿಕದ ಪ್ರಜೆಯೂ ಗ್ರೀನ್ ಕಾರ್ಡ್‌ದಾರನೂ ಅಲ್ಲದಿದ್ದರೆ ಅದು ಮೊದಲನೆಯ ಬಗೆ. ತಾಯಿಯ ವಾಸ ಸಕ್ರಮವಾಗಿದ್ದರೂ ತಾತ್ಕಾಲಿಕವಾಗಿದ್ದು, ತಂದೆ ಅದೇ ರೀತಿ ಪ್ರಜೆಯೂ ಗ್ರೀನ್ ಕಾರ್ಡ್‌ದಾರನೂ ಅಲ್ಲದಿದ್ದರೆ ಎರಡನೆಯ ಬಗೆ. ಪತ್ರಿಕೆಗಳು ಮೊದಲನೆಯದರ ಬಗ್ಗೆಯೇ ಹೆಚ್ಚು ಬರೆದಿದ್ದರಿಂದ, ತೆರಿಗೆ ಕಟ್ಟಿಕೊಂಡು ಕ್ರಮಬದ್ಧವಾಗಿ ಬದುಕುತ್ತಿರುವ ಎಚ್-1ಬಿ ಕುಟುಂಬಗಳು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡವು. ಆದರೆ ಎಚ್-4 ತಾಯಿ, ಎಚ್-1ಬಿ ತಂದೆ ಇರುವ ನಿಮ್ಮ ಮಗಳ ಸಂಸಾರ ಎರಡನೆಯ ಬಗೆಗೆ ಅಳೆದು ಹೊಲಿದಂತೆ ಹೊಂದುತ್ತದೆ. ಆದೇಶ ಜಾರಿಗೆ ಬಂದರೆ ಅದು ನಿಮ್ಮ ಮೊಮ್ಮಗುವನ್ನು ಮುಟ್ಟುತ್ತದೆ.

ಆದರೆ ಇದನ್ನು ಬರೆಯುತ್ತಿರುವ 2025ರ ಡಿಸೆಂಬರ್‌ವರೆಗೆ ಅದು ಜಾರಿಗೆ ಬಂದಿಲ್ಲ. ಸಹಿಯಾದ ಮೂರನೆಯ ದಿನವೇ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶ ಜಾನ್ ಕಾಫೆನೋರ್ ಅದಕ್ಕೆ ತಡೆ ಕೊಟ್ಟರು. ಅವರು ರೊನಾಲ್ಡ್ ರೇಗನ್ ಕಾಲದಲ್ಲಿ ನೇಮಕಗೊಂಡವರು. ಫೆಬ್ರವರಿ ಮುಗಿಯುವುದರೊಳಗೆ ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್ ನ್ಯಾಯಾಲಯಗಳೂ ತಡೆಯಾಜ್ಞೆ ನೀಡಿದವು. ಹಾಗಾದರೆ ಸುಪ್ರೀಂ ಕೋರ್ಟ್ ಒಪ್ಪಿತು ಎಂಬ ಸುದ್ದಿ ಎಲ್ಲಿಂದ ಬಂತು? 2025ರ ಜೂನ್ 27ರಂದು ಆರು-ಮೂರರ ಬಹುಮತದಿಂದ ಬಂದ ಒಂದು ತೀರ್ಪಿನಿಂದ. ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಬರೆದ ಆ ತೀರ್ಪು ಪೌರತ್ವದ ಪ್ರಶ್ನೆಯನ್ನು ಎತ್ತಿಕೊಳ್ಳಲೇ ಇಲ್ಲ. ಒಬ್ಬ ಜಿಲ್ಲಾ ನ್ಯಾಯಾಧೀಶರು, ತಮ್ಮ ಮುಂದೆ ದಾವೆ ಹೂಡದವರಿಗೂ ಸೇರಿಸಿ, ಇಡೀ ದೇಶಕ್ಕೆ ಅನ್ವಯಿಸುವ ತಡೆಯಾಜ್ಞೆ ಕೊಡಬಹುದೇ ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ. 1789ರ ನ್ಯಾಯಾಂಗ ಕಾಯ್ದೆ ಅಂಥ ಅಧಿಕಾರವನ್ನು ಕೊಟ್ಟಂತೆ ಕಾಣುವುದಿಲ್ಲ ಎಂಬುದು ಉತ್ತರ. ಎರಡು ವಾರಗಳಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶ ಜೋಸೆಫ್ ಲಪ್ಲಾಂಟ್ ಬೇರೊಂದು ದಾರಿ ಹಿಡಿದು, ಆದೇಶದಿಂದ ಬಾಧಿತರಾಗುವ ಮಕ್ಕಳನ್ನೆಲ್ಲ ಒಂದೇ ವರ್ಗವೆಂದು ತಾತ್ಕಾಲಿಕವಾಗಿ ಮಾನ್ಯ ಮಾಡಿ, ಆ ವರ್ಗಕ್ಕೆ ರಕ್ಷಣೆ ಕೊಟ್ಟರು. ಮಾರ್ಚ್‌ನಲ್ಲಿ ಹುಟ್ಟುವ ನಿಮ್ಮ ಮೊಮ್ಮಗುವೂ, ಇಂದಿನ ಸ್ಥಿತಿಯಲ್ಲಿ, ಆ ವರ್ಗಕ್ಕೆ ಸೇರುತ್ತದೆ. ಆಮೇಲೆ ಜುಲೈ ಮತ್ತು ಅಕ್ಟೋಬರ್‌ನಲ್ಲಿ ಎರಡು ಮೇಲ್ಮನವಿ ನ್ಯಾಯಾಲಯಗಳೂ ಆದೇಶದ ವಿರುದ್ಧವೇ ತೀರ್ಪು ಕೊಟ್ಟವು. 2025ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ತೆಗೆದುಕೊಂಡಿದೆ. ಒಂದು ಅವಧಿಯಲ್ಲಿ ಕೇಳಿದ ಪ್ರಕರಣಗಳಿಗೆ ಜೂನ್ ಕೊನೆ ಅಥವಾ ಜುಲೈ ಮೊದಲ ದಿನಗಳೊಳಗೆ ತೀರ್ಪು ಕೊಟ್ಟು ಮುಗಿಸುವುದು ಆ ನ್ಯಾಯಾಲಯದ ವಾಡಿಕೆ. ಈ ತಿಂಗಳುಗಳ ಲೆಕ್ಕ ನೆನಪಿನಲ್ಲಿರಲಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ಜಗಳ ಯಾತರ ಮೇಲೆ ಎಂಬುದು. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ ಹದಿನಾಲ್ಕನೇ ತಿದ್ದುಪಡಿಯ ಮೊದಲ ವಾಕ್ಯ, ಆ ದೇಶದಲ್ಲಿ ಹುಟ್ಟಿದ ಮತ್ತು ‘ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ’ ಎಲ್ಲರೂ ಅದರ ಪ್ರಜೆಗಳು ಎನ್ನುತ್ತದೆ. ಕಪ್ಪು ಜನರು ಎಂದಿಗೂ ಪ್ರಜೆಗಳಾಗಲಾರರು ಎಂದು 1857ರಲ್ಲಿ ಅದೇ ಸುಪ್ರೀಂ ಕೋರ್ಟ್ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಹೇಳಿತ್ತು. ಅಂತರ್ಯುದ್ಧ ಮುಗಿದ ಮೇಲೆ ಆ ಮಾತನ್ನು ಯಾವ ಸರ್ಕಾರವೂ ಮತ್ತೆ ಎತ್ತದಂತೆ ಮಾಡಲು ಬರೆದ ವಾಕ್ಯವಿದು. ವಿವಾದವೆಲ್ಲ ‘ಅಧಿಕಾರವ್ಯಾಪ್ತಿಗೆ ಒಳಪಟ್ಟ’ ಎಂಬ ಮಾತಿನದು. ಅಮೆರಿಕದ ನೆಲದಲ್ಲಿ ನಿಂತವನನ್ನು ಅಲ್ಲಿನ ಪೊಲೀಸರು ಹಿಡಿಯಬಹುದು, ಅಲ್ಲಿನ ಕೋರ್ಟು ಶಿಕ್ಷಿಸಬಹುದು ಎಂದಾದರೆ ಅವನು ಅಧಿಕಾರವ್ಯಾಪ್ತಿಗೆ ಒಳಪಟ್ಟವನೇ ಎಂಬುದು ಒಂದು ಓದು. ಇದರ ಪ್ರಕಾರ ಹೊರಗುಳಿಯುವವರು ರಾಯಭಾರಿಗಳ ಮಕ್ಕಳು, ದಾಳಿಯಿಟ್ಟು ನೆಲ ಆಕ್ರಮಿಸಿದ ಶತ್ರು ಸೈನಿಕರ ಮಕ್ಕಳು, ಮತ್ತು ತಮ್ಮದೇ ಆಡಳಿತವಿದ್ದ ಮೂಲನಿವಾಸಿ ಬುಡಕಟ್ಟುಗಳವರು (ಇವರಿಗೆ 1924ರಲ್ಲಿ ಪ್ರತ್ಯೇಕ ಕಾನೂನಿನಿಂದ ಪೌರತ್ವ ಸಿಕ್ಕಿತು). ಸಂಪೂರ್ಣ ನಿಷ್ಠೆ ಬೇಕು, ಅದು ಆ ದೇಶದಲ್ಲಿ ಖಾಯಂ ನೆಲೆ ಊರಿದವರಿಗೆ ಮಾತ್ರ ಇರಲು ಸಾಧ್ಯ ಎಂಬುದು ಸರ್ಕಾರದ ಈಗಿನ ಓದು.

ಒಂದು ಅಲ್ಪವಿರಾಮ ಎಷ್ಟು ಕೆಲಸ ಕೊಡಬಲ್ಲದು ಎಂಬುದನ್ನು ನಿವೃತ್ತ ಶಿಕ್ಷಕಿಯಾದ ನೀವು ಮೆಚ್ಚಬಹುದು. 1866ರ ಮೇ 30ರಂದು ಈ ವಾಕ್ಯವನ್ನು ಸೆನೆಟ್ಟಿನಲ್ಲಿ ಮಂಡಿಸಿದ ಮಿಷಿಗನ್‌ನ ಜೇಕಬ್ ಹೋವರ್ಡ್, ಇದರಲ್ಲಿ ಯಾರು ಸೇರುವುದಿಲ್ಲ ಎಂದು ವಿವರಿಸುತ್ತಾ ‘ವಿದೇಶಿಯರು, ಅನ್ಯದೇಶೀಯರು, ರಾಯಭಾರಿಗಳ ಕುಟುಂಬಗಳಿಗೆ ಸೇರಿದವರು’ ಎಂಬರ್ಥದ ಮಾತಾಡಿದ್ದು ಕಡತದಲ್ಲಿದೆ. ಇದನ್ನು ಮೂರು ಬೇರೆ ಬೇರೆ ಗುಂಪುಗಳ ಪಟ್ಟಿಯೆಂದು ಓದಿದರೆ ವಿದೇಶಿಯರ ಮಕ್ಕಳೆಲ್ಲ ಹೊರಗೆ. ರಾಯಭಾರಿಗಳ ಕುಟುಂಬಕ್ಕೆ ಸೇರಿದ ವಿದೇಶಿಯರು ಎಂದು ಒಂದೇ ಗುಂಪಾಗಿ ಓದಿದರೆ ಅವರಷ್ಟೇ ಹೊರಗೆ. ಎರಡನೆಯ ಓದೇ ಸರಿ ಎಂದು ನನಗೆ ಅನ್ನಿಸುವುದಕ್ಕೆ ಕಾರಣ ಅದೇ ದಿನದ ಮುಂದಿನ ಚರ್ಚೆ. ಹಾಗಾದರೆ ಚೀನೀಯರ ಮಕ್ಕಳೂ ಪ್ರಜೆಗಳಾಗಿಬಿಡುತ್ತಾರಲ್ಲ ಎಂದು ಪೆನ್ಸಿಲ್ವೇನಿಯಾದ ಎಡ್ಗರ್ ಕೋವನ್ ಆಕ್ಷೇಪಿಸಿದಾಗ, ಹೌದು, ಆಗುತ್ತಾರೆ, ಆಗಲೇಬೇಕು ಎಂಬ ಧಾಟಿಯಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಕಾನೆಸ್ ಉತ್ತರಿಸಿದರು.

ಮೂವತ್ತು ವರ್ಷಗಳ ನಂತರ ಆ ಮಾತು ಪರೀಕ್ಷೆಗೆ ಬಂತು. ವಾಂಗ್ ಕಿಮ್ ಆರ್ಕ್ 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ವ್ಯಾಪಾರಿ ದಂಪತಿಗೆ ಹುಟ್ಟಿ, ಅಡುಗೆ ಕೆಲಸ ಮಾಡಿಕೊಂಡಿದ್ದವನು. ಚೀನಾಕ್ಕೆ ಹೋಗಿ 1895ರ ಆಗಸ್ಟ್‌ನಲ್ಲಿ ಹಿಂತಿರುಗಿದಾಗ, ನೀನು ಪ್ರಜೆಯಲ್ಲ ಎಂದು ಸುಂಕದ ಅಧಿಕಾರಿ ದಡಕ್ಕಿಳಿಯಲು ಬಿಡಲಿಲ್ಲ. ತನ್ನ ಹುಟ್ಟೂರು ಕಣ್ಣೆದುರಿಗಿದ್ದರೂ ತಿಂಗಳುಗಟ್ಟಲೆ ಬಂದರಿನ ಹಡಗುಗಳಲ್ಲೇ ಅವನು ಬಂದಿಯಾಗಿದ್ದ. ಚೀನೀಯರ ವಲಸೆಯನ್ನು ತಡೆಯುವ 1882ರ ಕಾಯ್ದೆ ಜಾರಿಯಲ್ಲಿದ್ದ, ಅವನ ತಂದೆ ತಾಯಿ ಬಯಸಿದರೂ ಅಮೆರಿಕದ ಪ್ರಜೆಗಳಾಗಲು ಸಾಧ್ಯವಿಲ್ಲದ ಕಾಲವದು. ಹಾಗಿದ್ದೂ 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಆರು-ಎರಡರ ಬಹುಮತದಿಂದ ಅವನು ಹುಟ್ಟಿನಿಂದಲೇ ಪ್ರಜೆ ಎಂದಿತು. ನಮ್ಮವರಿಗೂ ಇದರಿಂದ ಉಪಕಾರವಾಗಿದೆ: ಭಾರತೀಯರು ಅಮೆರಿಕದ ಪೌರತ್ವ ಪಡೆಯಲು ಅರ್ಹರಲ್ಲ ಎಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪಾಯಿತು, ಆ ಬಾಗಿಲು ತೆರೆದದ್ದು 1946ರಲ್ಲಿ, ನಡುವಿನ ಆ ವರ್ಷಗಳಲ್ಲೂ ಅಲ್ಲಿ ಹುಟ್ಟಿದ ಭಾರತೀಯರ ಮಕ್ಕಳು ಪ್ರಜೆಗಳಾಗಿಯೇ ಹುಟ್ಟಿದರು.

ಇಷ್ಟು ಸ್ಪಷ್ಟವಿದ್ದರೆ ಚರ್ಚೆ ಇನ್ನೂ ಯಾಕೆ ಎಂದರೆ, ವಾಂಗ್ ತೀರ್ಪಿನಲ್ಲೇ ಇರುವ ಒಂದು ಪದದಿಂದ. ಅವನ ತಂದೆ ತಾಯಿಗೆ ಅಮೆರಿಕದಲ್ಲಿ ‘ಡೊಮಿಸೈಲ್’ ಇತ್ತು ಎಂದು ನ್ಯಾಯಮೂರ್ತಿ ಹೊರೇಸ್ ಗ್ರೇ ಮತ್ತೆ ಮತ್ತೆ ಹೇಳುತ್ತಾರೆ. ನಮ್ಮ ಸಂವಿಧಾನದ 5ನೇ ವಿಧಿಯಲ್ಲೂ ಇರುವ ಪದವಿದು. ಕನ್ನಡದಲ್ಲಿ ಅಧಿವಾಸ ಎನ್ನುತ್ತೇವೆ, ಇದೇ ನನ್ನ ಊರು ಎಂಬ ಮನಸ್ಸಿನಿಂದ ನೆಲೆ ನಿಲ್ಲುವುದು. ಅಧಿವಾಸವಿದ್ದವರ ಮಕ್ಕಳಿಗೆ ಮಾತ್ರ ಆ ತೀರ್ಪು ಅನ್ವಯಿಸುತ್ತದೆ, ತಾತ್ಕಾಲಿಕ ವೀಸಾದವರಿಗೆ ಅಲ್ಲ ಎಂಬುದು ಸರ್ಕಾರದ ವಾದದ ಬೆನ್ನೆಲುಬು. ಇದು ರಾಜಕಾರಣಿಗಳ ಬಾಯಿಮಾತಷ್ಟೇ ಅಲ್ಲ. ಪೌರತ್ವಕ್ಕೆ ಹುಟ್ಟಿನ ಜೊತೆಗೆ ಆ ಸಮಾಜದ ಸಮ್ಮತಿಯೂ ಬೇಕು ಎಂದು ಪೀಟರ್ ಷುಕ್ ಮತ್ತು ರೋಜರ್ಸ್ ಸ್ಮಿತ್ ಎಂಬ ಇಬ್ಬರು ವಿದ್ವಾಂಸರು 1985ರಲ್ಲೇ ವಾದಿಸಿದ್ದರು, ಆದರೆ ಅದನ್ನು ತೀರ್ಮಾನಿಸಬೇಕಾದ್ದು ಸಂಸತ್ತು ಎಂಬುದು ಅವರ ನಿಲುವಾಗಿತ್ತು. ಆದೇಶ ಬಂದ ಮೇಲೆ ಇಲಾನ್ ವುರ್ಮನ್, ಕರ್ಟ್ ಲ್ಯಾಶ್ ಮೊದಲಾದ ಪ್ರಾಧ್ಯಾಪಕರು, ನಿಷ್ಠೆ ಮತ್ತು ರಕ್ಷಣೆಗಳ ಹಳೆಯ ಸಿದ್ಧಾಂತವನ್ನು ಮುಂದಿಟ್ಟು, ಪ್ರಶ್ನೆ ನಾವಂದುಕೊಂಡಷ್ಟು ಇತ್ಯರ್ಥವಾಗಿಲ್ಲ ಎಂದು ಬರೆದಿದ್ದಾರೆ. ಎದುರು ಪಾಳೆಯದಲ್ಲಿ ಉದಾರವಾದಿಗಳಷ್ಟೇ ಇಲ್ಲ. ಸಂವಿಧಾನವನ್ನು ಬರೆದ ಕಾಲದ ಅರ್ಥದಲ್ಲೇ ಓದಬೇಕು ಎನ್ನುವ ಮೈಕೆಲ್ ರ‍್ಯಾಮ್ಸೆ ಅವರಂಥವರೂ ಆ ಅರ್ಥ ಹುಡುಕಿಕೊಂಡು ಹೋದಾಗ ಸಿಗುವುದು ವಿಶಾಲವಾದ ಓದೇ ಎನ್ನುತ್ತಾರೆ. ಅಧಿವಾಸದ ವಾದಕ್ಕೆ ಅತಿ ಗಟ್ಟಿ ಉತ್ತರ ಗ್ರೇ ಅವರ ತೀರ್ಪಿನ ಒಳಗೇ ಇದೆ ಎಂಬುದು ನನ್ನ ತಿಳಿವಳಿಕೆ. ಡೇನಿಯಲ್ ವೆಬ್‌ಸ್ಟರ್ ಹಿಂದೆ ಬರೆದಿದ್ದ ಮಾತೊಂದನ್ನು ಅವರು ಎತ್ತಿ ಹೇಳುತ್ತಾರೆ: ನೆಲೆಸುವ ಉದ್ದೇಶವಿರಲಿ ಬಿಡಲಿ, ಅಧಿವಾಸವಿರಲಿ ಬಿಡಲಿ, ಒಂದು ದೇಶದಲ್ಲಿ ಇರುವಷ್ಟು ಕಾಲ ಅನ್ಯದೇಶೀಯನೂ ಅದರ ಕಾನೂನಿಗೆ ವಿಧೇಯನಾಗಿರಲೇಬೇಕು. ಜೊತೆಗೆ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯಲ್ಲೂ ತಿದ್ದುಪಡಿಯ ಅದೇ ಪದಗಳಿವೆ. ಅದನ್ನು ಬರೆದವರು ಆ ಪದಗಳಿಗೆ ಎಲ್ಲರೂ ಒಪ್ಪಿದ್ದ ವಿಶಾಲ ಅರ್ಥವನ್ನೇ ಇಟ್ಟುಕೊಂಡಿದ್ದರೆ, ಸಂವಿಧಾನದ ಮಾತು ಹಾಗಿರಲಿ, ಸಂಸತ್ತಿನ ಕಾಯ್ದೆಯನ್ನು ಅಧ್ಯಕ್ಷರೊಬ್ಬರೇ ಸಹಿ ಮಾಡಿ ಬದಲಿಸಲಾಗದು.

ನಿಮ್ಮ ಅಳಿಯನ ಮಟ್ಟಿಗೆ ಇನ್ನೊಂದು ಮಾತಿದೆ, ಅದನ್ನು ಸುದ್ದಿವಾಹಿನಿಗಳ ಚರ್ಚೆಯಲ್ಲಿ ನಾನು ಅಷ್ಟಾಗಿ ಕೇಳಿಲ್ಲ. ಒಂದು ವೇಳೆ ಸುಪ್ರೀಂ ಕೋರ್ಟ್ ಅಧಿವಾಸ ಬೇಕೆಂದೇ ಹೇಳಿತು ಎಂದಿಟ್ಟುಕೊಳ್ಳಿ. ಆಗಲೂ ಎಚ್-1ಬಿ ಕುಟುಂಬವನ್ನು ಎರಡು ವಾರಕ್ಕೆ ಬಂದ ಪ್ರವಾಸಿಯ ಸಾಲಿನಲ್ಲಿ ನಿಲ್ಲಿಸುವುದು ಸುಲಭವಲ್ಲ. ಪ್ರವಾಸಿ ಅಥವಾ ವಿದ್ಯಾರ್ಥಿ ವೀಸಾ ಬೇಡುವವನು ಸ್ವದೇಶಕ್ಕೆ ಮರಳುತ್ತೇನೆಂದು ಮನದಟ್ಟು ಮಾಡಬೇಕು. ಎಚ್-1ಬಿಗೆ ಆ ಷರತ್ತು ಇಲ್ಲ, ಖಾಯಂ ನೆಲೆಸುವ ಉದ್ದೇಶವನ್ನು ಇಟ್ಟುಕೊಂಡೇ ಆ ವೀಸಾದಲ್ಲಿರಬಹುದು ಎಂದು 1990ರಿಂದ ಕಾಯ್ದೆಯೇ ಒಪ್ಪಿದೆ. ಐ-140 ಮಂಜೂರಾದವರಿಗೆ ಆರು ವರ್ಷಗಳ ಮಿತಿ ದಾಟಿಯೂ ವೀಸಾ ವಿಸ್ತರಣೆ ಸಿಗುತ್ತದೆ. ಆದೇಶ ಈ ಭೇದವನ್ನು ಗಮನಿಸದೆ ಎಲ್ಲ ತಾತ್ಕಾಲಿಕ ವೀಸಾಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ. ಕೋರ್ಟು ಹಾಗೆ ಕಟ್ಟಲೇಬೇಕೆಂದಿಲ್ಲ.

ತೀರ್ಪು ಏನಾಗಬಹುದು ಎಂದು ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿರುತ್ತದೆ. ಆದೇಶ ಉಳಿಯಲಾರದು ಎಂಬುದು ನನ್ನ ಅಂದಾಜು. ಅಂದಾಜಿನ ಮೇಲೆ ಕಕ್ಷಿದಾರರಿಗೆ ಭರವಸೆ ಕೊಡುವ ಅಭ್ಯಾಸ ನನಗಿಲ್ಲ, ಆದ್ದರಿಂದ ಮುಂದಿನ ಮಾತುಗಳನ್ನು ತೀರ್ಪು ಯಾವ ಕಡೆಗೂ ವಾಲಬಹುದು ಎಂದುಕೊಂಡೇ ಬರೆಯುತ್ತಿದ್ದೇನೆ.

ನಿಮ್ಮ ತಮ್ಮನ ಮಾತನ್ನು ಇಲ್ಲಿ ತಿದ್ದಬೇಕು. ತಂದೆ ತಾಯಿ ಇಬ್ಬರೂ ಭಾರತೀಯರಾದರೂ, ಹೊರದೇಶದಲ್ಲಿ ಹುಟ್ಟಿದ ಮಗು ತಾನಾಗಿ ಭಾರತದ ಪ್ರಜೆಯಾಗುವುದಿಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರಗೆ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ನೋಂದಾಯಿಸಿದರೆ ಮಾತ್ರ ಅದಕ್ಕೆ ವಂಶಾನುಗತ ಪೌರತ್ವ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆ ತಾಯಿ ಬರೆದುಕೊಡಬೇಕು. ಅಂದರೆ ಆದೇಶ ಜಾರಿಯಾಗಿ, ಇತ್ತ ನೋಂದಣಿಯೂ ಆಗದಿದ್ದರೆ, ಮಗು ಸ್ವಲ್ಪ ಕಾಲವಾದರೂ ಯಾವ ದೇಶದ ಪ್ರಜೆಯೂ ಅಲ್ಲದೆ ಉಳಿಯುವುದು ಕಟ್ಟುಕತೆಯಲ್ಲ. (ಅಂದಹಾಗೆ, ಹುಟ್ಟಿದ ನೆಲವೇ ಪೌರತ್ವ ಕೊಡುವ ಪದ್ಧತಿ 1987ರ ಜುಲೈವರೆಗೆ ನಮ್ಮಲ್ಲೂ ಇತ್ತು. ನಮ್ಮ ಸಂಸತ್ತು ಅದನ್ನು ಕಾಯ್ದೆಯ ತಿದ್ದುಪಡಿಯಿಂದ ಬದಲಿಸಿತು; ಅಲ್ಲಿ ಅದು ಸಂವಿಧಾನದಲ್ಲೇ ಕೂತಿರುವುದರಿಂದ ಇಷ್ಟು ರಾದ್ಧಾಂತ.)

ಈಗ ಹೆರಿಗೆ ಎಲ್ಲಿ ಎಂಬುದು. ಇಲ್ಲಿ ಹೆತ್ತರೆ ಮಗು ಹುಟ್ಟಿನಿಂದಲೇ ಭಾರತದ ಪ್ರಜೆ, ಆ ಅಂಶದಲ್ಲಿ ಗೊಂದಲವಿಲ್ಲ. ಆದರೆ ನಾಳೆ ಆದೇಶ ಬಿದ್ದುಹೋದರೂ ಅಮೆರಿಕದ ಪೌರತ್ವದ ಹಕ್ಕು ಈ ಮಗುವಿಗೆ ಇರುವುದಿಲ್ಲ, ಅದನ್ನು ಆಮೇಲೆ ಸರಿಪಡಿಸಿಕೊಳ್ಳಲೂ ಆಗದು. ಅಣ್ಣ ಒಂದು ದೇಶದ ಪ್ರಜೆ, ತಂಗಿಯೋ ತಮ್ಮನೋ ಇನ್ನೊಂದು ದೇಶದ ಪ್ರಜೆ. ಅದಕ್ಕಿಂತ ಹತ್ತಿರದ ಅಪಾಯ ಮಗಳ ಮರುಪ್ರವೇಶದ್ದು: ಅವಳ ಪಾಸ್‌ಪೋರ್ಟಿನಲ್ಲಿರುವ ಎಚ್-4 ಮುದ್ರೆಯ ಅವಧಿ ಮುಗಿದಿದ್ದರೆ, ಇಲ್ಲಿ ಹೊಸದಾಗಿ ಸ್ಟ್ಯಾಂಪಿಂಗ್ ಆಗುವವರೆಗೆ ಎಳೆಗೂಸಿನೊಂದಿಗೆ ಅವಳು ಇಲ್ಲೇ, ಅಳಿಯ ಮತ್ತು ದೊಡ್ಡ ಮಗ ಅಲ್ಲೇ ಉಳಿಯಬೇಕಾದೀತು. ಕೂಸಿಗೂ ಎಚ್-4 ವೀಸಾ ಬೇಕಾಗುತ್ತದೆ. ತುಂಬು ಗರ್ಭಿಣಿಯ ಅಷ್ಟು ದೂರದ ವಿಮಾನ ಪ್ರಯಾಣದ ಬಗ್ಗೆ ವೈದ್ಯರನ್ನೇ ಕೇಳಬೇಕು. 2025ರ ಫೆಬ್ರವರಿಯ ಗಡುವಿಗೆ ಮೊದಲು, ದಿನ ತುಂಬುವ ಮುನ್ನವೇ ಸಿಸೇರಿಯನ್ ಮಾಡಿಸಲು ಕೆಲವು ಭಾರತೀಯ ದಂಪತಿಗಳು ವಿಚಾರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆ ಗಡುವು ಬಂದು ಹೋಯಿತು, ಆದೇಶ ಮಾತ್ರ ಜಾರಿಯಾಗಲಿಲ್ಲ. ಪೌರತ್ವದ ಭಯ ಒಂದೇ ಕಾರಣಕ್ಕೆ ಮಗಳನ್ನು ಕರೆಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಅಲ್ಲೇ ಹೆತ್ತರೆ, ನ್ಯೂಜೆರ್ಸಿ ಕೊಡುವ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ವೀಸಾ ಯಾವುದೆಂದು ನಮೂದಾಗುವುದಿಲ್ಲ. ಇಂದಿನ ಸ್ಥಿತಿಯಲ್ಲಿ ಆ ಒಂದು ಹಾಳೆಯೇ ಪೌರತ್ವದ ಆಧಾರ, ಅದರ ಮೇಲೆಯೇ ಪಾಸ್‌ಪೋರ್ಟ್ ಕೇಳಬಹುದು. ಇಲ್ಲಿ ಎರಡು ದಾರಿಗಳಿವೆ. ಕೂಡಲೇ ಅಮೆರಿಕದ ಪಾಸ್‌ಪೋರ್ಟಿಗೆ ಅರ್ಜಿ ಹಾಕುವುದು ಒಂದು. ಪಾಸ್‌ಪೋರ್ಟ್ ಕಾನೂನಿನ ದೃಷ್ಟಿಯಲ್ಲಿ ಪೌರತ್ವಕ್ಕೆ ಪುರಾವೆ, ಅದರ ಆಧಾರದ ಮೇಲೆ ಅಣ್ಣನಂತೆಯೇ ಒಸಿಐ ಸಹ ಪಡೆಯಬಹುದು. ಇದರಲ್ಲಿರುವ ಅಪಾಯವೆಂದರೆ, ತೀರ್ಪು ವಿರುದ್ಧವಾಗಿ ಬಂದು ಪಾಸ್‌ಪೋರ್ಟಿಗೆ ತಕರಾರು ಎದ್ದರೆ, ಭಾರತದ ನೋಂದಣಿಗೆ ಬೇಕಾದ ಹೇಳಿಕೆಗೂ ತೊಡಕು. ಎರಡನೆಯ ದಾರಿ ಪಾಸ್‌ಪೋರ್ಟ್ ಪಡೆಯದೆ ಜುಲೈವರೆಗೆ ಕಾಯುವುದು. ಮಗು ಮಾರ್ಚ್‌ನಲ್ಲಿ ಹುಟ್ಟಿದರೆ ನಮ್ಮ ಕಾನ್ಸುಲೇಟಿನ ಒಂದು ವರ್ಷದ ಗಡುವು 2027ರ ಮಾರ್ಚ್‌ವರೆಗೆ ಇರುತ್ತದೆ; ವಾಡಿಕೆಯಂತೆ ಜೂನ್-ಜುಲೈ ಹೊತ್ತಿಗೆ ತೀರ್ಪು ಬಂದರೆ, ಆಮೇಲೂ ನೋಂದಣಿಗೆ ಸುಮಾರು ಎಂಟು ತಿಂಗಳು ಕೈಯಲ್ಲಿರುತ್ತವೆ. ಈ ದಾರಿಯ ನಷ್ಟ, ಅಷ್ಟು ದಿನ ಮಗುವನ್ನು ಊರಿಗೆ ಕರೆತರಲಾಗದು. ನಾಮಕರಣ, ಮನೆದೇವರ ದರ್ಶನ ಯಾವುದನ್ನೂ ಆ ಅವಧಿಗೆ ಇಟ್ಟುಕೊಳ್ಳಬೇಡಿ. ನನ್ನ ಮಗಳಾಗಿದ್ದರೆ ನಾನು ಮೊದಲನೆಯದನ್ನೇ ಹೇಳುತ್ತಿದ್ದೆ, ಏಕೆಂದರೆ ಇದುವರೆಗೆ ಆದೇಶದ ಒಳಹೊಕ್ಕು ನೋಡಿದ ಈ ನ್ಯಾಯಾಲಯಗಳೆಲ್ಲ ಮಕ್ಕಳ ಪರವಾಗಿವೆ, ಹಕ್ಕನ್ನು ಚಲಾಯಿಸಿದ ದಾಖಲೆ ಇರುವುದೂ ಒಳ್ಳೆಯದು. ಯಾವುದನ್ನೇ ಆರಿಸಿದರೂ ಅಳಿಯ ತನ್ನ ಕಂಪನಿಯ ವಕೀಲರನ್ನಲ್ಲದೆ, ಕುಟುಂಬದ ಹಿತವನ್ನಷ್ಟೇ ನೋಡುವ ಒಬ್ಬ ವಲಸೆ ವಕೀಲರನ್ನು ಒಂದು ಗಂಟೆಯಾದರೂ ಕಾಣಲಿ. ಕಂಪನಿಯ ವಕೀಲರ ಮೊದಲ ಕಕ್ಷಿದಾರ ಕಂಪನಿಯೇ.

ಮಗು ಅಲ್ಲಿ ಹುಟ್ಟಿದರೆ ತಂದೆ ತಾಯಿಗೂ ಗ್ರೀನ್ ಕಾರ್ಡ್ ಬಂದುಬಿಡುತ್ತದೆ ಎಂಬ ಮಾತೂ ನಿಮ್ಮ ಗುಂಪಿನಲ್ಲಿ ಓಡಾಡುತ್ತಿರಬಹುದು. ಮಗುವಿಗೆ 21 ವರ್ಷವಾಗುವವರೆಗೆ ಅದು ತಂದೆ ತಾಯಿಗಾಗಿ ಅರ್ಜಿ ಹಾಕುವಂತೆಯೇ ಇಲ್ಲ.

ಈ ಮೂರು ತಿಂಗಳಲ್ಲಿ ಅಳಿಯ ಮಾಡಬಹುದಾದ ಒಂದು ಕೆಲಸವಿದೆ. ಒಂಬತ್ತು ವರ್ಷಗಳ ಐ-797 ನೋಟಿಸುಗಳು (ವೀಸಾ ಅರ್ಜಿಗಳ ಮಂಜೂರಾತಿ ಪತ್ರಗಳು), ಐ-140 ಮಂಜೂರಾತಿ, ತೆರಿಗೆ ರಿಟರ್ನುಗಳು, ಮನೆಯ ಬಾಡಿಗೆ ಕರಾರು ಅಥವಾ ಸಾಲದ ಪತ್ರ, ದೊಡ್ಡ ಮಗನನ್ನು ಎಲ್ಲಾದರೂ ದಾಖಲಿಸಿದ್ದರೆ ಅದರ ಕಾಗದ, ಇವುಗಳ ಪ್ರತಿಗಳನ್ನು ವರ್ಷವಾರು ಒಂದು ಫೈಲಿನಲ್ಲಿ ಜೋಡಿಸಿಡಲಿ. ಅಧಿವಾಸದ ಪ್ರಶ್ನೆ ನಿಜವಾಗಿಯೂ ಎದುರಾದರೆ, ಇದೇ ನಮ್ಮ ಊರು ಎಂದು ತೋರಿಸಿಕೊಡುವುದು ಆ ಫೈಲೇ. ನೀವು ಫೆಬ್ರವರಿ ಕೊನೆಗೆ ಹೊರಡಬಹುದು. ವಿಮಾನ ನಿಲ್ದಾಣದ ವಲಸೆ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದರೆ, ಮಗಳ ಹೆರಿಗೆಗೆ ಬಂದಿದ್ದೇನೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಹಿಂತಿರುಗುವ ಟಿಕೆಟ್ ತೋರಿಸಿ. ಎಷ್ಟು ದಿನ ಇರಬಹುದು ಎಂಬುದನ್ನು ವೀಸಾದ ಮೇಲಿನ ತಾರೀಖಲ್ಲ, ಅವರು ಅಂದು ದಾಖಲಿಸುವ ಐ-94 ಎಂಬ ಪ್ರವೇಶ ದಾಖಲೆಯ ತಾರೀಖು ನಿರ್ಧರಿಸುತ್ತದೆ.